ಟರ್ಮಿನಲ್‌ನಲ್ಲಿ ದಿಗಿಣ ಹಾಕಿಸುವುದು ಹೇಗೆ?

ಪ್ರಶ್ನೆ: ಚುಕ್ಕಿ, ಗೀಟು, ಆವರಣಗಳಿಂದಲೇ ಯಕ್ಷಗಾನದ ತೆಂಕುತಿಟ್ಟಿನ ವೇಷವೊಂದನ್ನು ಬಿಡಿಸಿದ್ದೇನೆ. ಗೆಳೆಯರು ಟೆಲ್ನೆಟ್‌ನಲ್ಲಿ (ಬೇರೆ ಕಂಪ್ಯೂಟರಿಗೆ ಬರೀ ಅಕ್ಷರಗಳ ಪರದೆಯಿಂದ ಸಂಪರ್ಕಿಸುವ ಹಳೆಯ ವಿಧಾನ) ನನ್ನ ಲ್ಯಾಪ್‌ಟಾಪ್‌ನ 2323ನೇ ಪೋರ್ಟ್‌ಗೆ ಬಂದರೆ ಅದು ದಿಗಿಣ (ಹಾರಿ ಸುತ್ತುವ ಕುಣಿತ) ಹಾಕಬೇಕು ಅಂತ ಪೈಥಾನ್‌ನಲ್ಲಿ ಸರ್ವರ್ ಬರೆದೆ. ಪ್ರತಿ ಸಲ ಪರದೆ ಅಳಿಸಿ, ಒಂದೊಂದೇ ಸಾಲು ಕಳಿಸುತ್ತೇನೆ. ಚಿತ್ರ ತುಂಬಾ ಮಿಣುಕುತ್ತದೆ. ಎರಡನೆಯವನು ಬಂದರೆ ಅವನಿಗೆ ಖಾಲಿ ಪರದೆ. ಪಕ್ಕದಲ್ಲಿ ಕನ್ನಡ ಪದ ಹಾಕಿದರೆ ಚಿತ್ರವೇ ಸೊಟ್ಟ. ಏನು ಮಾಡಲಿ?
– ಒಬ್ಬ ವಿದ್ಯಾರ್ಥಿ, ಬದಿಯಡ್ಕ

ಉತ್ತರ: ಮೊದಲು ಮಿಣುಕುವುದನ್ನು ನಿಲ್ಲಿಸೋಣ. ಪರದೆ ಅಳಿಸಿದ ಮೇಲೆ ಹೊಸ ಸಾಲುಗಳು ಬರುವ ತನಕ ಒಂದು ಖಾಲಿ ಕ್ಷಣ ಇರುತ್ತದಲ್ವಾ, ಕಣ್ಣಿಗೆ ಹೊಡೆಯುವುದು ಅದೇ. ಹಾಗಾಗಿ ಶುರುವಿನಲ್ಲಿ ಒಮ್ಮೆ ಮಾತ್ರ ಅಳಿಸಿ. ಆಮೇಲೆ ಕರ್ಸರನ್ನು ಮೇಲಿನ ಎಡಮೂಲೆಗೆ ತಂದು ಹಳೆಯ ಚಿತ್ರದ ಮೇಲೆಯೇ ಹೊಸದನ್ನು ಬರೆಯಿರಿ. ಅದಕ್ಕೆ ಮೂರೇ ಬೈಟು ಸಾಕು: 27ನೇ ಸಂಖ್ಯೆಯ ಎಸ್ಕೇಪ್, ಎಡ ಚೌಕಾವರಣ, ದೊಡ್ಡಕ್ಷರದ ಎಚ್. 1978ರ ವಿಟಿ100 ಎಂಬ ಟರ್ಮಿನಲ್‌ಗೆ (ಅಕ್ಷರಗಳ ಪರದೆ, ಕೀಲಿಮಣೆ ಇರುವ ಯಂತ್ರ) ತಿಳಿಯುತ್ತಿದ್ದ ಈ ಸಂಜ್ಞೆ ಇವತ್ತಿನ ಟರ್ಮಿನಲ್‌ಗಳಿಗೂ ತಿಳಿಯುತ್ತದೆ. ಆದರೆ ಎಲ್ಲ ಸಾಲುಗಳನ್ನೂ ಖಾಲಿ ಜಾಗ ಸೇರಿಸಿ ಒಂದೇ ಉದ್ದಕ್ಕೆ ತನ್ನಿ, ಇಲ್ಲದಿದ್ದರೆ ಹಳೆಯ ಕಿರೀಟದ ತುದಿ ಅಲ್ಲೇ ಉಳಿದುಬಿಡುತ್ತದೆ.

ಸಾಲು ಸಾಲಾಗಿ ಕಳಿಸುವುದನ್ನೂ ಬಿಡಿ. ಇಡೀ ಚಿತ್ರವನ್ನು ಒಂದೇ ಸ್ಟ್ರಿಂಗ್ ಮಾಡಿ ಪೈಥಾನ್‌ನ ಸೆಂಡ್‌ಆಲ್ ಒಮ್ಮೆ ಕರೆಯಿರಿ. ಬರೀ ಸೆಂಡ್ ಬೇಡ, ಅದು ಅರ್ಧ ಕಳಿಸಿಯೂ ಸುಮ್ನಾಗಬಹುದು. 80 ಅಕ್ಷರಗಳ 24 ಸಾಲು ಅಂದರೆ 1,920 ಬೈಟು, ಸೆಕೆಂಡಿಗೆ 10 ಚಿತ್ರ ಕಳಿಸಿದರೂ 19 ಕಿಲೋಬೈಟ್ ಚಿಲ್ಲರೆ. ಮೊಬೈಲ್ ಹಾಟ್‌ಸ್ಪಾಟ್‌ಗೂ ಇದು ಜಾಸ್ತಿ ಅಲ್ಲ. ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ (ಸಾಲಿನ ಶುರುವಿಗೆ), ಲೈನ್ ಫೀಡ್ (ಕೆಳಗಿನ ಸಾಲಿಗೆ) ಎರಡೂ ಇರಲಿ. ಟೆಲ್ನೆಟ್‌ನ 1983ರ ನಿಯಮ ಕೇಳುವುದು ಅದನ್ನೇ.

ಇನ್ನು ಕುಣಿತ. ಎಲ್ಲ ಚಿತ್ರಗಳಿಗೂ 0.1 ಸೆಕೆಂಡ್ ಅಂತ ಒಂದೇ ಸ್ಲೀಪ್ (ತಡೆಯುವ ಸಮಯ) ಕೊಟ್ಟರೆ ಗೊಂಬೆ ತಿರುಗಿದ ಹಾಗೆ ಕಾಣುತ್ತದೆ, ದಿಗಿಣ ಕಾಣುವುದಿಲ್ಲ. ಪ್ರತಿ ಚಿತ್ರದ ಜೊತೆ ಅದರದ್ದೇ ಸಮಯವನ್ನೂ ಲಿಸ್ಟಿನಲ್ಲಿ ಇಡಿ. ಹಾರುವ ಮೊದಲು ಮೊಣಕಾಲು ಬಗ್ಗಿಸುವಾಗ ಸ್ವಲ್ಪ ತಡೆಯಿರಿ, ಗಾಳಿಯಲ್ಲಿ ಸುತ್ತುವಾಗ ಬೇಗ ಬೇಗ ಬದಲಾಯಿಸಿ, ನೆಲಕ್ಕೆ ಕಾಲು ಊರಿದಾಗ ಮತ್ತೆ ತಡೆಯಿರಿ. ಮೇಳದ ಆಟ ನೋಡಿದವರಿಗೆ ಚೆಂಡೆ ಎಲ್ಲಿ ಬೀಳುತ್ತದೆ ಅಂತ ಗೊತ್ತಿರುತ್ತದೆ, ಅದನ್ನೇ ನಂಬಿ ಸಂಖ್ಯೆ ಹಾಕಿ. ನಿಜವಾದ ಕೆಲಸ ಇರುವುದು ಇಲ್ಲೇ, ಕೋಡಿನಲ್ಲಿ ಅಲ್ಲ.

ಎರಡನೆಯವನಿಗೆ ಖಾಲಿ ಪರದೆ ಯಾಕೆ ಅಂದರೆ, ನಿಮ್ಮ ಲೂಪ್ ಮೊದಲನೆಯವನ ಹತ್ತಿರವೇ ಸಿಕ್ಕಿಕೊಂಡಿದೆ, ಹೊಸಬರನ್ನು ಒಳಗೆ ಬಿಡುವ ಆಕ್ಸೆಪ್ಟ್‌ಗೆ ಮತ್ತೆ ಬರುವುದೇ ಇಲ್ಲ. ಬಂದವರಿಗೆಲ್ಲ ಒಂದೊಂದು ಥ್ರೆಡ್ (ಜೊತೆಜೊತೆಗೇ ಓಡುವ ಕೆಲಸದ ಎಳೆ) ಕೊಡಿ. ಯಾರಾದರೂ ನಡುವೆ ಎದ್ದು ಹೋದರೆ ಕಳಿಸುವಾಗ ಎರರ್ ಬರುತ್ತದೆ. ಅದನ್ನು ಹಿಡಿದು ಅವರ ಸಂಪರ್ಕದ ಸಾಕೆಟ್ ಮುಚ್ಚಿ.

ಕನ್ನಡದ್ದು ಬೇರೆ ಸಮಸ್ಯೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ 3 ಬೈಟು, ‘ಕ್ಷ’ 9 ಬೈಟು, ಆದರೆ ಪರದೆಯ ಮೇಲೆ ಅದು ಎಷ್ಟು ಜಾಗ ಹಿಡಿಯುತ್ತದೆ ಎಂಬುದು ಒಂದೊಂದು ಟರ್ಮಿನಲ್‌ನಲ್ಲಿ ಒಂದೊಂದು ಥರ. ಖಾಲಿ ಜಾಗ ಎಣಿಸಿ ಸರಿಮಾಡಲು ಹೋಗಬೇಡಿ. ಪದವನ್ನು ಚಿತ್ರದ ಕೆಳಗೆ, ಬಲಕ್ಕೆ ಬೇರೇನೂ ಇಲ್ಲದ ಸಾಲಿನಲ್ಲಿ ಹಾಕಿ, ಕೊನೆಗೆ ಎಸ್ಕೇಪ್, ಎಡ ಚೌಕಾವರಣ, ದೊಡ್ಡಕ್ಷರದ ಕೆ ಸೇರಿಸಿ. ಆ ಸಾಲಿನಲ್ಲಿ ಉಳಿದ ಹಳೆಯ ಅಕ್ಷರಗಳನ್ನು ಅದು ಅಳಿಸುತ್ತದೆ.