ಬಂಗಾಳಿ ಮಾತಾಡುವವರೆಲ್ಲ ಬಾಂಗ್ಲಾದವರಾ? ಆಧಾರ್ ನೋಡಿದರೆ ಗೊತ್ತಾಗುತ್ತಾ?

ಮಂಜೇಶ್ವರದ ಕೆಂಪುಕಲ್ಲಿನ ಕೋರೆಗೆ ಬಂದ ಬಂಗಾಳಿ ಕೆಲಸದವರ ಬಗ್ಗೆ ಕೇಳಿದ್ದೀರಿ. ಭಾಷೆಯಿಂದ ಏನೂ ಗೊತ್ತಾಗುವುದಿಲ್ಲ. ಮುರ್ಶಿದಾಬಾದ್, ಮಾಲ್ಡಾ ಭಾರತದ್ದೇ ಜಿಲ್ಲೆಗಳು, ಅಲ್ಲೂ ಬಂಗಾಳಿಯೇ. ಕೇರಳದಲ್ಲಿದ್ದು ಕನ್ನಡ, ತುಳು ಮಾತಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಆಧಾರ್ ಕೂಡ ಪೌರತ್ವದ ಪುರಾವೆ ಅಲ್ಲ. 2016ರ ಆಧಾರ್ ಕಾಯ್ದೆಯ 9ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಹಾಗಂತ ಬರೀ ಆಧಾರ್ ತೋರಿಸಿದವರೆಲ್ಲ ವಿದೇಶಿಯರೂ ಅಲ್ಲ. ಎಷ್ಟೋ ಕೂಲಿಯವರ ಕೈಯಲ್ಲಿ ಇರುವುದೇ ಅದೊಂದು.

1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ ಈಗ 2025ರ ಹೊಸ ಕಾಯ್ದೆ ಬಂದಿದೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ನುಸುಳಿದರೆ 5 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು ಸರಿಯೇ. ನನಗೆ ಕಸಿವಿಸಿ ಆಗುವುದು ಇನ್ನೊಂದು ವಿಷಯಕ್ಕೆ. ಅನುಮಾನ ಬಂದರೆ ‘ನಾನು ವಿದೇಶಿ ಅಲ್ಲ’ ಎಂದು ಆ ಮನುಷ್ಯನೇ ಸಾಬೀತು ಮಾಡಬೇಕು. ಹಳೇ ಕಾಯ್ದೆಯಲ್ಲೂ ಹೀಗೇ ಇತ್ತು. ಊರಿನ ಕಾಗದಪತ್ರ ಇಲ್ಲಿಗೆ ತರಿಸುವುದು ಸುಮ್ನೆ ಮಾತಲ್ಲ. 2025ರಲ್ಲಿ ಗಡಿಯಾಚೆ ಕಳಿಸಿದ್ದ ಪಶ್ಚಿಮ ಬಂಗಾಳದ ಕೆಲವರನ್ನು, ಭಾರತೀಯರೇ ಎಂದು ಗೊತ್ತಾದ ಮೇಲೆ ವಾಪಸ್ ಕರೆತರಬೇಕಾಯಿತು.

ತನಿಖೆ ಪೊಲೀಸರ ಕೆಲಸ. ಊರಿನವರು ಗುಂಪು ಕಟ್ಟಿಕೊಂಡು ಹೋಗಿ ಕಾರ್ಡ್ ಕೇಳುವ ಹಾಗಿಲ್ಲ. ಕೋರೆ ನಿಮ್ಮದೇ ಆದರೆ ಕೆಲಸದವರ ಹೆಸರನ್ನು ಕೇರಳ ಕಾರ್ಮಿಕ ಇಲಾಖೆಯ ‘ಅತಿಥಿ’ ಪೋರ್ಟಲ್‌ನಲ್ಲಿ (ಹೊರರಾಜ್ಯದ ಕೆಲಸದವರ ನೋಂದಣಿಗೆ ಇರುವ ವೆಬ್‌ಸೈಟ್) ಸೇರಿಸಿ. ಅನುಮಾನ ಇದ್ದರೆ ಸ್ಟೇಷನ್‌ಗೆ ತಿಳಿಸಿ, ಅವರು ಆ ಕೆಲಸದವರ ಸ್ವಂತ ಊರಿನ ಪೊಲೀಸರಲ್ಲಿ ವಿಚಾರಿಸಬಹುದು.