ತುಟಿ ಒಡೆದರೆ ಮೂರು ಸಾವಿರದ ಬಾಮ್ ಬೇಕಾ?

ಪ್ರಶ್ನೆ: ಮೇಡಂ, ನನ್ನದು ದಾವಣಗೆರೆ, ಈಗ ಕೆಲಸ ಬೆಂಗಳೂರಿನಲ್ಲಿ. ದಿನವಿಡೀ ಎಸಿಯಲ್ಲಿ ಕೂರಬೇಕು. ತುಟಿ ಒಣಗಿ ಸಿಪ್ಪೆ ಏಳುತ್ತದೆ, ಒಮ್ಮೊಮ್ಮೆ ಬಿರಿದು ರಕ್ತವೂ ಬರುತ್ತದೆ. ಈಗಿರುವ ಬಾಮ್ ಹಚ್ಚಿದರೆ ತಣ್ಣಗೆ ಚುರುಚುರು ಅನ್ನುತ್ತದೆ, ಗಂಟೆಗೊಮ್ಮೆ ಹಚ್ಚಿದರೂ ಉಪಯೋಗವಿಲ್ಲ. ಜೊತೆಯಲ್ಲಿ ಕೆಲಸ ಮಾಡುವವಳು ಡಿಯೋರ್ ಕಂಪನಿಯ ಲಿಪ್ ಗ್ಲೋ ಅನ್ನೋ ಬಾಮ್ ತಗೊಂಡಿದ್ದಾಳೆ, ಮೂರು ಸಾವಿರಕ್ಕೂ ಜಾಸ್ತಿ! ‘ನೀನೂ ತಗೋ, ಆಮೇಲೆ ಬೇರೆ ಮುಟ್ಟಲ್ಲ’ ಅಂತಾಳೆ. ಅಮ್ಮ ಫೋನ್ ಮಾಡಿದಾಗೆಲ್ಲ ಹೊಕ್ಕುಳಿಗೆ ಎಣ್ಣೆ ಹಾಕು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಒಣಗಿದ ತುಟಿ ಸರಿಯಾಗಲಿ ಅಂತಷ್ಟೇ ಆದರೆ ತಗೋಬೇಡಿ. ತುಟಿಗೆ ಸ್ವಲ್ಪ ಬಣ್ಣ ಬೇಕು, ಬ್ಯಾಗಿನಿಂದ ತೆಗೆದಾಗ ಚೆಂದ ಕಾಣಬೇಕು ಅಂತಿದ್ದರೆ ಅದು ನಿಮ್ಮ ಸಂಬಳ, ನಿಮ್ಮ ಖುಷಿ, ನಾನು ಅಡ್ಡ ಬರಲ್ಲ. ಆದರೆ ಔಷಧಿ ಅಂದುಕೊಂಡು ಅಷ್ಟು ದುಡ್ಡು ಸುರಿಯಬೇಡಿ.

ಯಾಕೆ ಅಂತ ಹೇಳುತ್ತೇನೆ. ಮುಖದ ಚರ್ಮಕ್ಕೆ ತನ್ನದೇ ಜಿಡ್ಡು ಇರುತ್ತದೆ, ತುಟಿಯ ಕೆಂಪು ಭಾಗದಲ್ಲಿ ಆ ಜಿಡ್ಡಿನ ಗ್ರಂಥಿಗಳು ಇಲ್ಲ ಅನ್ನುವಷ್ಟು ಕಡಿಮೆ. ಮೇಲ್ಪದರವೂ ತೆಳು. ಹಾಗಾಗಿ ಒಳಗಿನ ನೀರಿನಂಶ ಬೇಗ ಆರಿಹೋಗುತ್ತದೆ, ಎಸಿಯಲ್ಲಿ ಕೂತರಂತೂ ಇನ್ನೂ ಬೇಗ. ಬಾಮ್ ಮಾಡಬೇಕಾದ ದೊಡ್ಡ ಕೆಲಸ ಅಂದರೆ ಆ ನೀರು ಆರದ ಹಾಗೆ ಮೇಲೊಂದು ಜಿಡ್ಡಿನ ಪದರ ಹಾಕುವುದು, ಮತ್ತು ಈ ಒಂದು ಕೆಲಸದಲ್ಲಿ ಮೆಡಿಕಲ್ ಶಾಪಿನ ಪೆಟ್ರೋಲಿಯಂ ಜೆಲ್ಲಿಯನ್ನು ಹಿಂದೆ ಹಾಕುವುದು ಯಾವ ದುಬಾರಿ ಡಬ್ಬಿಗೂ ಸುಲಭವಲ್ಲ. ಅಮೆರಿಕದ ಎಣ್ಣೆ ಬಾವಿಗಳಲ್ಲಿ ಪಂಪಿನ ಸರಳುಗಳಿಗೆ ಮೆತ್ತಿಕೊಂಡು ಕೆಲಸಗಾರರಿಗೆ ಕಾಟ ಕೊಡುತ್ತಿದ್ದ ಮೇಣದಂಥ ಮಡ್ಡಿಯನ್ನು ನೋಡಿ ರಾಬರ್ಟ್ ಚೀಸ್‌ಬ್ರೋ ಎಂಬಾತ ಶುರು ಮಾಡಿದ್ದು ಅದು. 1872ರಲ್ಲಿ ವ್ಯಾಸಲೀನ್ ಅಂತ ಪೇಟೆಂಟ್ ತಗೊಂಡ.

ಇನ್ನು ಲೆಕ್ಕಕ್ಕೆ ಬನ್ನಿ. ಆ ಲಿಪ್ ಗ್ಲೋ ಕಡ್ಡಿಯಲ್ಲಿರುವುದು 3.2 ಗ್ರಾಂ. ಅಂದರೆ ಗ್ರಾಂಗೆ ಹೆಚ್ಚುಕಡಿಮೆ ಸಾವಿರ ರೂಪಾಯಿ! ಲಾನೇಜ್ ಕಂಪನಿಯ ರಾತ್ರಿ ಹಚ್ಚುವ ಲಿಪ್ ಮಾಸ್ಕ್ ಇದೆಯಲ್ಲ, ಅದರ ದೊಡ್ಡ ಡಬ್ಬಿ ಸಾವಿರ ದಾಟಿದರೂ 20 ಗ್ರಾಂ ಬರುತ್ತದೆ, ದಪ್ಪಗಿರುವುದರಿಂದ ರಾತ್ರಿಯಿಡೀ ತುಟಿಯ ಮೇಲೆ ನಿಲ್ಲುತ್ತದೆ. ಅದು ಪರವಾಗಿಲ್ಲ. ಆದರೆ ಅದಕ್ಕೂ ಪರಿಮಳ ಸೇರಿಸಿದ್ದಾರೆ, ಬಿರಿದ ತುಟಿಗೆ ಪರಿಮಳ ಆಗಿಬರದೆಯೂ ಇರಬಹುದು.

ಅಂಗಡಿಯಲ್ಲಿ ಯಾವುದೇ ಬಾಮ್ ಕೈಗೆತ್ತಿಕೊಂಡರೂ ಹಿಂದೆ ತಿರುಗಿಸಿ ಓದಿ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರುತ್ತದೆ. ಬೆಲೆ ಎಷ್ಟೇ ಇರಲಿ, ಸಾಮಾನ್ಯವಾಗಿ ಶುರುವಿನಲ್ಲಿ ಸಿಗುವುದು ಮೇಣ, ಎಣ್ಣೆ, ಶಿಯಾ ಬೆಣ್ಣೆ, ಪೆಟ್ರೋಲಾಟಂ (ಪೆಟ್ರೋಲಿಯಂ ಜೆಲ್ಲಿಯದೇ ಇನ್ನೊಂದು ಹೆಸರು), ಇಂಥವೇ. ಮುಂದೆ ದೊಡ್ಡ ಅಕ್ಷರದಲ್ಲಿ ಮೆರೆಯುವ ಹೂವಿನ ಸಾರ ಎಷ್ಟೋ ಸಲ ಪಟ್ಟಿಯ ಬಾಲದಲ್ಲಿರುತ್ತದೆ. ದುಬಾರಿಯದರಲ್ಲಿ ಅಂಟು ಕಡಿಮೆ, ಹಚ್ಚಲು ನುಣುಪು, ಇದನ್ನು ಒಪ್ಪಲೇಬೇಕು. ದುಡ್ಡು ಹೋಗುವುದು ಆ ನುಣುಪಿಗೆ, ಬಣ್ಣಕ್ಕೆ, ಹೆಸರಿಗೆ.

ನನಗೆ ಜಾಸ್ತಿ ಅನುಮಾನ ಇರುವುದು ನಿಮ್ಮ ಚುರುಚುರು ಬಾಮ್ ಮೇಲೆ. ಮೆಂಥಾಲ್, ಕರ್ಪೂರ, ಪುದೀನ ಎಣ್ಣೆ, ದಾಲ್ಚಿನ್ನಿ ಇವೆಲ್ಲ ಬಿರಿದ ತುಟಿಯನ್ನು ಕೆರಳಿಸುತ್ತವೆ. ಉರಿಯುತ್ತದೆ, ನಾಲಿಗೆ ತಾನಾಗೇ ಅಲ್ಲಿಗೆ ಹೋಗುತ್ತದೆ, ಎಂಜಲು ಆರುತ್ತಾ ಇನ್ನಷ್ಟು ಒಣಗಿಸುತ್ತದೆ, ಮತ್ತೆ ಬಾಮ್ ಹಚ್ಚುತ್ತೀರಿ. ಮೊದಲು ಅದನ್ನು ನಿಲ್ಲಿಸಿ. ಖಾರ ಅನ್ನಿಸುವ ಟೂತ್‌ಪೇಸ್ಟ್ ಇದ್ದರೆ ಅದನ್ನೂ ಬದಲಾಯಿಸಿ ನೋಡಿ.

ಮುಖ ತೊಳೆದ ಮೇಲೆ ತುಟಿ ಇನ್ನೂ ಒದ್ದೆ ಇರುವಾಗಲೇ ಜೆಲ್ಲಿ ಹಚ್ಚಿ, ಪೂರ್ತಿ ಒರೆಸಿಕೊಂಡು ಹಚ್ಚಬೇಡಿ. ಊಟ ಆದ ಮೇಲೆ ಮತ್ತೆ ಸ್ವಲ್ಪ. ಮಲಗುವಾಗ ಮಾತ್ರ ತುಟಿಯ ಅಂಚು ದಾಟಿ ದಪ್ಪಗೆ ಮೆತ್ತಿ, ಯಾರೂ ನೋಡಲ್ಲ. ಎದ್ದ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಎಳೆಯಬೇಡಿ, ರಕ್ತ ಬರುವುದು ಎಷ್ಟೋ ಸಲ ಹಾಗೇ. ಬಿಸಿಲಲ್ಲಿ ಓಡಾಟ ಇದ್ದರೆ ಎಸ್‌ಪಿಎಫ್ 30 ಇರುವ ಬಾಮ್ ತಗೊಳ್ಳಿ, ಬಿಸಿಲನ್ನು ಬರೀ ಜೆಲ್ಲಿ ತಡೆಯಲ್ಲ.

ಅಮ್ಮನ ಎಣ್ಣೆ? ಹೊಕ್ಕುಳಿಂದ ತುಟಿಗೆ ಯಾವ ದಾರಿಯೂ ಇಲ್ಲ. ಅದೇ ಕೊಬ್ಬರಿ ಎಣ್ಣೆಯನ್ನು ನೇರ ತುಟಿಗೇ ಹಚ್ಚಿ, ಅಮ್ಮನಿಗೂ ಸಮಾಧಾನ.

ಪ್ರಶ್ನೆ: ನಮ್ಮ ಶಿರಸಿ ಕಡೆ ಚಳಿಗಾಲದಲ್ಲಿ ಕಾಲಿನ ಹಿಮ್ಮಡಿಗೂ ತುಟಿಗೂ ಮುರುಗಲು ತುಪ್ಪ ಹಚ್ಚುತ್ತಿದ್ದರು. ಈಗಲೂ ಹಚ್ಚಬಹುದಾ?

ಉತ್ತರ: ಧಾರಾಳವಾಗಿ! ಮುರುಗಲು ಬೀಜದಿಂದ ತೆಗೆದ ಅದನ್ನೇ ಕೋಕಂ ಬಟರ್ ಅಂತ ಬಾಮ್‌ಗಳಲ್ಲೂ ಹಾಕುತ್ತಾರೆ. ನೀವು ಊರಲ್ಲೇ ಇದ್ದೀರಿ, ಪುಣ್ಯವಂತರು. ಅದು ಉಂಡೆಯಾಗಿ ಗಟ್ಟಿ ಇರುತ್ತದೆ, ಕರಗುವುದು ಸುಮಾರು 40 ಡಿಗ್ರಿ ಬಿಸಿಗೆ. ಹಾಗೇ ತುಟಿಗೆ ಉಜ್ಜಿದರೆ ತರಚುತ್ತದೆ. ಉಗುರಲ್ಲಿ ಚೂರು ಕೆರೆದು ಬೆರಳುಗಳ ನಡುವೆ ತಿಕ್ಕಿ, ಮೆತ್ತಗಾದ ಮೇಲೆ ಹಚ್ಚಿ. ಇಲ್ಲವೇ ಒಂದಿಷ್ಟು ಕೊಬ್ಬರಿ ಎಣ್ಣೆ ಜೊತೆ ಬಿಸಿ ಮಾಡಿ ಸಣ್ಣ ಡಬ್ಬಿಗೆ ಹಾಕಿಡಿ. ಕಮಟು ವಾಸನೆ ಬಂದರೆ ಎಸೆದುಬಿಡಿ.

ಪ್ರಶ್ನೆ: ನನಗೆ ತುಟಿಯ ಎರಡೂ ಮೂಲೆ ಸೀಳುತ್ತದೆ, ಬಾಯಿ ಅಗಲಿಸಿದರೆ ನೋವು. ಯಾವ ಬಾಮ್ ಒಳ್ಳೆಯದು?

ಉತ್ತರ: ಇದು ಬಾಮ್‌ಗೆ ಬಗ್ಗುವ ವಿಷಯ ಅಲ್ಲ. ಮೂಲೆಯಲ್ಲಿ ಎಂಜಲು ನಿಂತು ಫಂಗಸ್ ಅಥವಾ ಬ್ಯಾಕ್ಟೀರಿಯಾ ಸೇರಿಕೊಂಡಾಗ ಹೀಗಾಗುತ್ತದೆ, ಕೆಲವರಿಗೆ ಕಬ್ಬಿಣದ ಅಂಶ ಅಥವಾ ಬಿ ವಿಟಮಿನ್ ಕಡಿಮೆಯಾದಾಗಲೂ ಆಗುತ್ತದೆ. ಹಲ್ಲಿನ ಸೆಟ್ ಹಾಕುವವರಲ್ಲಿ ಇನ್ನೂ ಜಾಸ್ತಿ. ಚರ್ಮದ ಡಾಕ್ಟರಿಗೆ ತೋರಿಸಿ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಅದು ತುಟಿಯನ್ನು ಚೆನ್ನಾಗಿ ಒಣಗಿಸುತ್ತದೆ.