ಹೆಣ್ಣು ಪೈಲಟ್ ಸ್ಕ್ವಾಡ್ರನ್ ನಡೆಸುವ ಸೂಪರ್‌ಹೀರೋ ಕಾಮಿಕ್ಸ್ ಇದೆಯಾ? ಏಳನೇ ಕ್ಲಾಸಿನ ಮಗಳಿಗೆ ಕೊಡಬಹುದಾ, ಅಥವಾ ಬರೀ ಹೊಡೆದಾಟವಾ?

ಉಂಟು, ಧೈರ್ಯವಾಗಿ ಕೊಡಿ. ನೀವು ಕೇಳಿದ್ದಕ್ಕೆ ಸರಿಯಾಗಿ ಕೂರುವುದು 'ಕ್ಯಾಪ್ಟನ್ ಮಾರ್ವೆಲ್ ಆ್ಯಂಡ್ ದ ಕೆರೊಲ್ ಕೋರ್'. 2015ರಲ್ಲಿ ಬಂದದ್ದು, ನಾಲ್ಕೇ ಸಂಚಿಕೆ. ಬರೆದವರು ಕೆಲ್ಲಿ ಸ್ಯೂ ಡಿಕಾನಿಕ್ ಮತ್ತು ಕೆಲ್ಲಿ ಥಾಮ್ಸನ್. ಡಿಕಾನಿಕ್ ಅವರ ಅಪ್ಪ ಅಮೆರಿಕದ ವಾಯುಪಡೆಯಲ್ಲಿದ್ದವರು, ಇವರು ಬೆಳೆದದ್ದೂ ವಾಯುನೆಲೆಗಳಲ್ಲೇ. ಪೈಲಟ್‌ಗಳು ಒಬ್ಬರನ್ನೊಬ್ಬರು ಕಿಚಾಯಿಸುವ ಮಾತುಗಳಲ್ಲಿ ಅದು ಗೊತ್ತಾಗ್ತದೆ.

ಕಥೆ ಇಷ್ಟು. ಡಾಕ್ಟರ್ ಡೂಮ್ ಅನ್ನುವವ ಒಡೆದುಹೋದ ಲೋಕಗಳ ಚೂರುಗಳನ್ನು ಜೋಡಿಸಿ ಒಂದು ಪ್ರಪಂಚ ಕಟ್ಟಿ, ಅದಕ್ಕೆ ತಾನೇ ದೇವರು ಅಂತ ಕೂತಿದ್ದಾನೆ. ಅಲ್ಲಿ ಹಾಲಾ ಫೀಲ್ಡ್ ಎಂಬ ವಾಯುನೆಲೆ, ಅದರಲ್ಲಿ ಬ್ಯಾನ್ಶೀ ಸ್ಕ್ವಾಡ್ರನ್, ಪೈಲಟ್‌ಗಳೆಲ್ಲ ಹೆಂಗಸರು, ನಾಯಕಿ ಕೆರೊಲ್ ಡ್ಯಾನ್ವರ್ಸ್, ಇವಳೇ ಕ್ಯಾಪ್ಟನ್ ಮಾರ್ವೆಲ್. ಆ ಆಕಾಶದಲ್ಲಿ ನಕ್ಷತ್ರವೇ ಇಲ್ಲ. ಮೇಲೆ ಏನುಂಟು ಅಂತ ಯಾರೂ ಕೇಳುವ ಹಾಗಿಲ್ಲ. ಈ ಹುಡುಗಿಯರು ಕೇಳ್ತಾರೆ, ಅಲ್ಲಿಂದ ಎಲ್ಲ ಶುರು.

ನಾನು ಇರುವುದು ಕಾಸರಗೋಡಿನ ಬದಿಯಡ್ಕದಲ್ಲಿ. ಇಲ್ಲಿ ಕನ್ನಡ ಶಾಲೆಗೆ ಹೋಗುವ ಅಕ್ಕನ ಮಗಳಿಗೆ ಇದನ್ನು ಟ್ಯಾಬ್‌ನಲ್ಲಿ ಓದಲಿಕ್ಕೆ ಕೊಟ್ಟೆ. ಇಂಗ್ಲಿಷ್ ಅರ್ಧಂಬರ್ಧ ಅರ್ಥವಾದರೂ ಚಿತ್ರ ಹಿಡಿದುಕೊಂಡು ಮುಂದೆ ಹೋದಳು. ಒಂದು ಕಡೆ ಬೆರಳಿಟ್ಟು, "ಮಾವ, ಇವಳಿಗೆ ಸ್ವಂತ ಹಾರಲಿಕ್ಕೆ ಬರ್ತದಲ್ಲ, ಮತ್ತೆ ಈ ವಿಮಾನದವರೆಲ್ಲ ಯಾಕೆ?" ಅಂತ ಕೇಳಿದಳು. ಪ್ರಶ್ನೆ ಸರಿಯೇ. ನಾವು ಓದಿ ಬೆಳೆದ ಮಕ್ಕಳ ಪತ್ರಿಕೆ ಬಾಲಮಂಗಳದ ಹೀರೋ ಡಿಂಗನಿಗೆ ಯಾರೂ ಬೇಕಿರಲಿಲ್ಲ, ಕಷ್ಟ ಅಂತ ಕೂಗಿದರೆ ಒಬ್ಬನೇ ಬಂದು ಗುದ್ದಿ ಹೋಗ್ತಿದ್ದ. ಕೆರೊಲ್‌ಗೆ ಹಾಗಾಗುವುದಿಲ್ಲ. ಅವಳಿಗೆ ಗುಂಡು ತಾಗಿದರೂ ನಡೆಯುತ್ತದೆ, ಆದರೆ ಪಕ್ಕದಲ್ಲಿ ಹಾರುವವಳ ವಿಮಾನಕ್ಕೆ ಬೆಂಕಿ ಹತ್ತಿದರೆ ಮುಗಿಯಿತು, ಮತ್ತೆ ಆಜ್ಞೆಯನ್ನೇ ಅನುಮಾನಿಸುವ ತಂಡವನ್ನು ಗದರಿಸಿ ಕೂರಿಸುವುದಾ, ಜೊತೆಗೇ ಹೊರಡುವುದಾ ಅಂತ ಅವಳೇ ತೀರ್ಮಾನ ಮಾಡಬೇಕು. ಹೊಡೆದಾಟಕ್ಕಿಂತ ನನಗೆ ಹಿಡಿಸಿದ್ದು ಇದೇ. ಕೊನೆ ಮಾತ್ರ ಸ್ವಲ್ಪ ಅವಸರದ್ದು, ಇನ್ನೆರಡು ಸಂಚಿಕೆ ಇದ್ದಿದ್ದರೆ ಚೆನ್ನಾಗಿತ್ತು ಮಾರಾಯ್ರೆ.

ಈ ಕೆರೊಲ್ 1968ರಲ್ಲಿ ಮೊದಲ ಸಲ ಬಂದಾಗ ಇನ್ನೊಬ್ಬ ಹೀರೋನ ಕಥೆಯಲ್ಲಿ ಮಿಲಿಟರಿ ನೆಲೆಯೊಂದರ ಭದ್ರತೆ ನೋಡಿಕೊಳ್ಳುವ ಪಕ್ಕದ ಪಾತ್ರ. ಸ್ವಂತ ಪತ್ರಿಕೆ ಸಿಕ್ಕಿದ್ದು 1977ರಲ್ಲಿ, ಕ್ಯಾಪ್ಟನ್ ಮಾರ್ವೆಲ್ ಆದದ್ದು 2012ರಲ್ಲಿ! ಅದೇ 1977ರಲ್ಲಿ ನಿಜವಾದ ಇನ್ನೊಂದು ಸಂಗತಿ ನಡೆಯಿತು. ಎರಡನೇ ಮಹಾಯುದ್ಧದಲ್ಲಿ 'ವಾಸ್ಪ್' ಎಂಬ ಪಡೆ ಇತ್ತು. ಅದರ ಹೆಂಗಸರು ಅಮೆರಿಕದ ಮಿಲಿಟರಿ ವಿಮಾನ ಓಡಿಸ್ತಿದ್ದರು, 38 ಮಂದಿ ಪ್ರಾಣ ಕಳೆದುಕೊಂಡರು, ಆದರೆ ಲೆಕ್ಕಕ್ಕೆ ಸೈನಿಕರಲ್ಲ. ಮಾಜಿ ಸೈನಿಕರು ಅಂತ ಅವರನ್ನು ಒಪ್ಪಿಕೊಂಡದ್ದು ಆ ವರ್ಷ. ಮಗಳಿಗೆ ಇದನ್ನೂ ಹೇಳಿ. ನಮ್ಮ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ 2016ರಲ್ಲಿ ಫೈಟರ್ ಪೈಲಟ್‌ಗಳಾದದ್ದು, ಚಿಕ್ಕಮಗಳೂರು ಕಡೆಯ ಮೇಘನಾ ಶಾನಭೋಗ್ 2018ರಲ್ಲಿ ಆದದ್ದು ಅವಳಿಗೆ ಈಗಾಗಲೇ ಗೊತ್ತಿರಬಹುದು.

ಕನ್ನಡದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಕಾಸರಗೋಡು ಪೇಟೆಯಲ್ಲಂತೂ ನನಗೆ ಇಂಗ್ಲಿಷಿನದ್ದೂ ಸಿಗಲಿಲ್ಲ, ಮಂಗಳೂರಿಗೆ ಹೋಗಿ ಆರ್ಡರ್ ಕೊಡಬೇಕು ಅಥವಾ ಪ್ರಕಾಶಕರಾದ ಮಾರ್ವೆಲ್‌ನವರದ್ದೇ ಆ್ಯಪ್‌ನಲ್ಲಿ ಓದಬೇಕು. ಇಷ್ಟವಾದರೆ ಆಮೇಲೆ 2012ರ ಸರಣಿ ಕೊಡಿ. ಅದರಲ್ಲಿ ಕೆರೊಲ್ ಹಳೇ ವಿಮಾನ ಒಂದನ್ನು ಹಾರಿಸ್ತಾ ಎರಡನೇ ಮಹಾಯುದ್ಧದ ಕಾಲಕ್ಕೆ ಹೋಗಿ ಬೀಳ್ತಾಳೆ, ಬ್ಯಾನ್ಶೀ ಹುಡುಗಿಯರು ಮೊದಲು ಸಿಗುವುದೂ ಅಲ್ಲೇ.